ಹದಿನಾಲ್ಕನೇ ಸೀಟಿನ ನಿಮಿಷಗಳು

೨೦೦೦ನೇ ಇಸವಿ ಫೆಬ್ರವರಿ ೭, ಸೋಮವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ನಾನು ಸ್ಟಾಪ್‌ವಾಚಿನ ಗುಂಡಿ ಒತ್ತಿದೆ. ಹಳದಿ ಶಾಲಾ ಬಸ್ಸು ಆಗಷ್ಟೇ ರಾಕ್‌ಲಿಕ್ ಕಣಿವೆಯ ತುದಿಯಿಂದ ಹೊರಟಿತ್ತು. ಒಳಗೆ ನಾಲ್ಕೇ ಜನ: ಚಾಲಕ ಡೆಲ್ಮರ್ ಹೆನ್ಸ್ಲಿ, ಬಸ್ಸಿನ ಸಹಾಯಕಿ ಟ್ವೈಲಾ ಕಾಡಿಲ್, ಅವಳ ಒಂಬತ್ತು ವರ್ಷದ ಮಗಳು ಡೆಲೇನಾ, ಮತ್ತು ನಾನು. ಹೊರಗೆ ಇನ್ನೂ ಬೆಳಕು ಹರಿದಿರಲಿಲ್ಲ. ಎರಡೂ ಕಡೆಯ ಬೆಟ್ಟಗಳು ರಸ್ತೆಯನ್ನು ಒತ್ತಿ ಹಿಡಿದಿದ್ದವು.

"ಗುಂಡಿ ಒತ್ತಿದ್ರಾ?" ಡೆಲ್ಮರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ. ಅರವತ್ತೊಂದು ವರ್ಷದ ಆಸಾಮಿ, ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಬಸ್ಸು ಓಡಿಸುವ ಕೆಲಸ ಹಿಡಿದವನು. "ರಾಜಧಾನಿಯಮ್ಮನವ್ರು ಹತ್ತಿದ್ಮೇಲೆ ಬಸ್ಸು ಒಂದು ಕಡೆಗೆ ವಾಲ್ತಾ ಇದೆ. ಫೈಲುಗಳ ಭಾರ ಇರ್ಬೇಕು."

"ನೀನು ರಸ್ತೆ ನೋಡ್ಕೊಂಡು ಓಡ್ಸು ಡೆಲ್ಮರ್ ಮಾಮ," ಎಂದಳು ಟ್ವೈಲಾ. ಮಗಳ ಕೂದಲಿಗೆ ರಬ್ಬರ್ ಬ್ಯಾಂಡು ಹಾಕುತ್ತಿದ್ದವಳು ನನ್ನ ಕಡೆ ತಿರುಗಿದಳು. "ಇದು ಲೆಕ್ಕಕ್ಕೆ ಬರತ್ತಾ ಮಿಸ್ ಎಬರ್ಟ್?"

"ಇಲ್ಲ. ಸ್ವಂತ ಮಕ್ಕಳನ್ನ ನೋಡ್ಕೊಳ್ಳೋದು ಕೆಲಸ ಅಲ್ಲ ಅಂತ ನಿಯಮ ಇದೆ."

"ಪಕ್ಕದ ಮನೆಯವಳ ಮಗಳ ಜುಟ್ಟು ಕಟ್ಟಿದ್ರೆ?"

"ಅದು ಕೆಲಸ."

"ಕೇಳಿಸ್ತಾ ಡೆಲೇನಾ? ನಾಳೆಯಿಂದ ಪಕ್ಕದ ಮನೆಗೆ ಹೋಗಿ ಜುಟ್ಟು ಕಟ್ಟಿಸ್ಕೊಂಡು ಬಾ. ಅವಳ ಮಗಳನ್ನ ಇಲ್ಲಿಗೆ ಕಳ್ಸಕ್ಕೆ ಹೇಳು. ಇಬ್ರಿಗೂ ಕೆಲಸದ ಗಂಟೆ ಸಿಗತ್ತೆ."

ಡೆಲ್ಮರ್ ನಕ್ಕ. ನಾನು ನಗಲಿಲ್ಲ. ಬೇರೆ ಮನೆಯ ಮೊದಲ ಮಗು ಹತ್ತಿದ್ದು ಆರು ಗಂಟೆ ಹದಿನೇಳಕ್ಕೆ. ಅಲ್ಲಿಯವರೆಗಿನ ಹನ್ನೆರಡು ನಿಮಿಷಗಳ ಮುಂದೆ ಸೊನ್ನೆ ಬರೆದೆ.

ನಾನು ರಾಜಧಾನಿಯಲ್ಲಿರುವ ರಾಜ್ಯ ಕಲ್ಯಾಣ ಇಲಾಖೆಯ ಪರಿಶೀಲಕಿ. ಓದಿದ್ದು ರಸಾಯನಶಾಸ್ತ್ರ, ಹನ್ನೊಂದು ವರ್ಷ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿದ್ದೆ. ಅಳೆಯಲು ಬರುವವರು ಬೇಕು ಎಂದು ಇಲಾಖೆ ಕೇಳಿದಾಗ ಈ ಕಡೆ ಬಂದೆ. ಮೂರೂವರೆ ವರ್ಷಗಳ ಹಿಂದೆ ಕೇಂದ್ರ ಸರ್ಕಾರ ಬಡ ತಾಯಂದಿರ ನೆರವಿನ ಕಾನೂನನ್ನು ಬದಲಾಯಿಸಿ, ಅದನ್ನು ನಡೆಸುವ ಬಗೆಯನ್ನು ಆಯಾ ರಾಜ್ಯಗಳಿಗೆ ಬಿಟ್ಟಿತ್ತು. ನೆರವು ಬೇಕಾದವರು ದುಡಿಯಬೇಕು, ಇಲ್ಲವೇ ಕೆಲಸ ಕಲಿಯಬೇಕು. ಟ್ವೈಲಾಳಂಥವರಿಗೆ ವಾರಕ್ಕೆ ಮೂವತ್ತು ಗಂಟೆ. ಯಾವುದು ಕೆಲಸ, ಯಾವುದು ಅಲ್ಲ ಎಂದು ಹೇಳುವ ನಮ್ಮ ರಾಜ್ಯದ ಕೈಪಿಡಿಗೆ ನಾನೂರ ಹನ್ನೆರಡು ಪುಟ. ಕೆಲವು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಆ ಪುಸ್ತಕವನ್ನು ಫೈಲು ಮುಚ್ಚಿ ನೆರವು ನಿಲ್ಲಿಸುವುದಕ್ಕೇ ಬಳಸಿದರು. ಅಂಥ ಕಡೆ ನೆರವು ಪಡೆಯುವವರ ಪಟ್ಟಿ ಅರ್ಧಕ್ಕೆ ಇಳಿದಿತ್ತು, ಪಟ್ಟಿಯಿಂದ ಹೊರಬಿದ್ದವರು ಎಲ್ಲಿಗೆ ಹೋದರೆಂದು ಯಾರೂ ಬರೆದಿಟ್ಟಿರಲಿಲ್ಲ. ಅವನ್ನು ಕಂಡು ಬಂದವಳು ನಾನು. ಹಾಗಾಗಿ ಟ್ವೈಲಾಳ ಫೈಲು ನನ್ನ ಮೇಜಿಗೆ ಬಂದಾಗ ಎರಡು ಸಲ ಓದಿದ್ದೆ.

ಅದರಲ್ಲಿ ಹೀಗಿತ್ತು: ಕೌಂಟಿ ಪಟ್ಟಣದ ವೃತ್ತಿ ಶಾಲೆಯಲ್ಲಿ ದಾದಿಯರ ಸಹಾಯಕಿ ತರಬೇತಿ, ವಾರಕ್ಕೆ ಇಪ್ಪತ್ತು ಗಂಟೆ. ಶಾಲಾ ಬಸ್ಸಿನ ಸಹಾಯಕಿ, ಹದಿನೈದು ಗಂಟೆ. ಆ ಬಸ್ಸೇ ಅವಳನ್ನು ಪಟ್ಟಣಕ್ಕೆ ಕರೆತರುತ್ತಿತ್ತು, ಆ ಬಸ್ಸೇ ಮನೆಗೆ ಬಿಡುತ್ತಿತ್ತು.

ನನ್ನ ಮೇಲಧಿಕಾರಿ ಪ್ರೂಯಿಟ್ ಅದನ್ನು ಓದಿ ಕನ್ನಡಕ ತೆಗೆದಿಟ್ಟಿದ್ದರು. "ಬಸ್ಸಲ್ಲಿ ಕೂತ್ಕೊಂಡು ಹೋಗೋದು ಕೆಲಸ ಆದ್ರೆ, ನಾನು ದಿನಾ ಕಾರಲ್ಲಿ ಬರೋದಕ್ಕೂ ಸಂಬಳ ಕೊಡಿ. ಹೋಗಿ ಅಳತೆ ಮಾಡ್ಕೊಂಡು ಬನ್ನಿ. ಮೂವತ್ತು ಆಗ್ಲಿಲ್ಲ ಅಂದ್ರೆ ಈ ತಿಂಗಳ ಕೊನೆಗೆ ಮುಚ್ಚಿಬಿಡಿ."

ಮುಚ್ಚಿದರೆ ನೆರವು ಮಾತ್ರವಲ್ಲ, ತರಬೇತಿಯ ಜಾಗವೂ ಹೋಗುತ್ತಿತ್ತು. ಪರೀಕ್ಷೆ ಮಾರ್ಚ್ ೨೪ಕ್ಕೆ. ಪಟ್ಟಣ ಮೂವತ್ತೊಂದು ಮೈಲಿ ದೂರ, ಟ್ವೈಲಾಳಿಗೆ ಕಾರಿಲ್ಲ, ಕಣಿವೆಯಲ್ಲಿ ಬೇರೆ ಬಸ್ಸಿಲ್ಲ.

ಈ ಏರ್ಪಾಡು ಮಾಡಿದವಳು ಕೌಂಟಿ ಕಚೇರಿಯ ವರ್ಲಾ ಸ್ಟಿಡಮ್. ಭಾನುವಾರ ಸಂಜೆ ನಾನು ಪಟ್ಟಣ ಮುಟ್ಟಿದಾಗ ತನ್ನ ಮನೆಗೇ ಕರೆದು ಬೀನ್ಸ್ ಸಾರು, ಜೋಳದ ಬ್ರೆಡ್ಡು ಬಡಿಸಿದಳು. ಲಂಚ ಅಂದುಕೊಳ್ಳಬೇಡಿ, ಈ ಊರಲ್ಲಿ ಭಾನುವಾರ ಹೋಟೆಲು ತೆಗೆಯುವುದಿಲ್ಲ ಎಂದಳು.

"ನೋಡಿ, ಹೆಂಗಸ್ರೆಲ್ಲ ಬಂದು ಕೆಲಸ ಮಾಡ್ತೀವಿ ಅಂತಾರೆ. ಬರೋದು ಹೇಗೆ? ದಿನಾ ಆ ಹಳದಿ ಬಸ್ಸು ಅರ್ಧ ಖಾಲಿ ಓಡಾಡತ್ತೆ. ಶಾಲಾ ಮಂಡಳಿಗೆ ಹೋಗಿ ಕೇಳಿದ್ರೆ, ಸಿಬ್ಬಂದಿ ಬಿಟ್ಟು ದೊಡ್ಡವ್ರು ಯಾರೂ ಹತ್ತೋ ಹಾಗಿಲ್ಲ ಅಂದ್ರು. ನಾನು ಅವ್ರ ನಿಯಮದ ಪುಸ್ತಕ ಮನೆಗೆ ತಂದು ಓದ್ದೆ. ಎಂಟು ವರ್ಷದೊಳಗಿನ ಮಕ್ಕಳಿರೋ ಬಸ್ಸಿಗೆ ಒಬ್ಬ ಸಹಾಯಕಿ ಇರ್ಬಹುದು ಅಂತ ಇತ್ತು. ಹದಿನೆಂಟು ವರ್ಷದಿಂದ ಯಾರನ್ನೂ ನೇಮಿಸಿರ್ಲಿಲ್ಲ. ಹತ್ತಕ್ಕೆ ಬಿಡಲ್ಲ ಅಂತೀರಲ್ಲ, ಸಿಬ್ಬಂದಿನೇ ಮಾಡ್ಕೊಳ್ಳಿ ಅಂದೆ. ಈಗ ಏಳು ಬಸ್ಸಲ್ಲಿ ಏಳು ಜನ ಇದಾರೆ."

"ಜಾಣತನ," ಎಂದೆ. "ಆದ್ರೆ ಜಾಣತನ ಬೇರೆ, ಕೆಲಸ ಬೇರೆ."

"ಅದಕ್ಕೇ ತಾನೆ ನಿಮ್ಮನ್ನ ಕಳ್ಸಿರೋದು? ಇನ್ನೊಂದು ಚೂರು ಬ್ರೆಡ್ ತಗೊಳ್ಳಿ."

ನಾನು ಒಂದು ವಿಧಾನ ಗೊತ್ತುಮಾಡಿಕೊಂಡಿದ್ದೆ. ಪ್ರತಿ ನಿಮಿಷಕ್ಕೂ ಒಂದು ಗೆರೆ. ಆ ನಿಮಿಷದಲ್ಲಿ ಟ್ವೈಲಾ ಇನ್ನೊಬ್ಬರ ಮಗುವಿಗಾಗಿ ಏನಾದರೂ ಮಾಡಿದರೆ 'ಕೆಲಸ', ಇಲ್ಲದಿದ್ದರೆ 'ಸುಮ್ಮನೆ ಕೂತದ್ದು'. ಪಕ್ಕದಲ್ಲಿ ಅವಳು ಇದ್ದ ಸೀಟಿನ ಸಂಖ್ಯೆ. ನೀರಿನ ಪರೀಕ್ಷಾಲಯದಲ್ಲಿ ಕಲಿತ ಚಾಳಿ ಅದು. ಮುಂದೆ ಬೇಕಾಗಲಿ, ಬೇಡವಾಗಲಿ, ಕಂಡದ್ದನ್ನೆಲ್ಲ ಬರೆದಿಡುವುದು.

ಬರೆಯುವುದಕ್ಕೇನೂ ಕೊರತೆಯಿರಲಿಲ್ಲ. ಪ್ರತಿ ನಿಲ್ದಾಣದಲ್ಲೂ ಟ್ವೈಲಾ ಇಳಿದು ಕೈದೀಪ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದಳು. ಒದ್ದೆ ಬೂಟು ಹಾಕಿಕೊಂಡು ಬಂದವನಿಗೆ ಒಣಗಿದ ಕಾಲುಚೀಲ ಕೊಡುತ್ತಿದ್ದಳು. ಅವಳ ಚೀಲದಲ್ಲಿ ಅಂಥವು ಎಂಟು ಜೊತೆ ಇದ್ದವು. ಕಿಟಕಿಯ ಹಿಮಕ್ಕೆ ನಾಲಿಗೆ ಹಚ್ಚಿದವನ ಕಿವಿ ಹಿಡಿದಳು. ಹೋಮ್‌ವರ್ಕು ಮರೆತು ಅಳುತ್ತಿದ್ದವಳ ಜೊತೆ ಆರು ಮೈಲಿ ಏಳರ ಮಗ್ಗಿ ಹೇಳಿದಳು.

"ಮಿಸ್ ಟ್ವೈಲಾ, ಆ ಯಮ್ಮ ಏನ್ ಬರೀತಾರೆ?" ಹಿಂದಿನಿಂದ ಒಂದು ದನಿ ಕೇಳಿತು.

"ನೀವು ಎಷ್ಟು ಸಲ ಎದ್ದು ನಿಂತ್ರಿ ಅಂತ. ಕೂತ್ಕೋ."

ಮಂಗಳವಾರ ನಾನು ಹತ್ತುತ್ತಿದ್ದಂತೆ ನಗುತ್ತ ಕೇಳಿದಳು: "ನೀವು ನೋಡ್ತಿದೀರ ಅಂತ ಎಲ್ರ ಮೂಗನ್ನೂ ಎರಡೆರಡು ಸಲ ಒರೆಸ್ಲಾ?"

"ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ."

"ಹಾಗೇ ಮಾಡೋದು. ಒರೆಸಿದ್ದೇ ಒರೆಸಿದ್ರೆ ಮೂಗು ಉಳಿಯಲ್ಲ." ಆಮೇಲೆ ನಗು ಬಿಟ್ಟು ಹೇಳಿದಳು: "ನಂಗೆ ಆ ಪರೀಕ್ಷೆ ಬರೀಬೇಕು ಮಿಸ್ ಎಬರ್ಟ್. ಅದನ್ನ ಮುಚ್ಚುಮರೆ ಮಾಡಲ್ಲ. ಆದ್ರೆ ನಿಮ್ಮೆದುರು ನಾಟಕ ಆಡಲ್ಲ."

ಆಡಲೂ ಇಲ್ಲ. ಅದೇ ನನಗೆ ತೊಡಕಾಯಿತು. ದಾರಿಯ ಕೊನೆಯ ಭಾಗದಲ್ಲಿ, ಬಸ್ಸು ತುಂಬಿದ ಮೇಲೆ, ಅವಳು ಹೋಗಿ ಹದಿನಾಲ್ಕನೇ ಸೀಟಿನಲ್ಲಿ ಕೂತುಬಿಡುತ್ತಿದ್ದಳು. ಪಕ್ಕದಲ್ಲಿ ಟೆಸ್ಸಾ ಎಂಬ ಏಳು ವರ್ಷದ ಹುಡುಗಿ, ಬಣ್ಣದ ಸೀಸಕಡ್ಡಿಯಲ್ಲಿ ಕುದುರೆ ಬರೆಯುತ್ತ ಇರುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆ. ಟ್ವೈಲಾಳ ಕೈ ಮಡಿಲಲ್ಲಿ. ಬೇರೆ ಮಗು ಕರೆದರೆ ಎದ್ದು ಹೋಗಿ ಮತ್ತೆ ಅಲ್ಲಿಗೇ ಬರುತ್ತಿದ್ದಳು. ಸುಮ್ಮನೆ ಕೂತದ್ದು, ಸುಮ್ಮನೆ ಕೂತದ್ದು, ಸುಮ್ಮನೆ ಕೂತದ್ದು ಎಂದು ನಾನು ಬರೆಯುತ್ತ ಹೋದೆ. ದಣಿದವರು ಕೂರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ದಣಿವಿಗೆ ಕೈಪಿಡಿಯಲ್ಲಿ ಪುಟವಿಲ್ಲ.

ಗುರುವಾರ ಮಧ್ಯಾಹ್ನ ವರ್ಲಾಳ ಕಚೇರಿಯಲ್ಲಿ ಕೂತು ಮೂರೂವರೆ ದಿನದ ಹಾಳೆಗಳನ್ನು ಕೂಡಿದೆ. ಇದೇ ಗತಿಯಲ್ಲಿ ಹೋದರೆ ಬಸ್ಸಿನ ಕೆಲಸ ಒಂಬತ್ತು ಗಂಟೆಯೂ ಆಗುತ್ತಿರಲಿಲ್ಲ. ತರಬೇತಿಯ ಇಪ್ಪತ್ತು ಸೇರಿಸಿದರೆ ಮೂವತ್ತಕ್ಕೆ ಒಂದು ಗಂಟೆಗಿಂತ ಹೆಚ್ಚು ಕಮ್ಮಿ.

ಹಾಳೆಯನ್ನು ವರ್ಲಾಳ ಕಡೆ ತಿರುಗಿಸಿದೆ. ಅವಳು ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದಳು.

"ತರಬೇತಿ ಮುಗಿದ ಮೇಲೆ ಬಸ್ಸು ಹೊರಡೋ ತನಕ ಅವಳು ಲೈಬ್ರರೀಲಿ ಕೂತು ಓದೋ ಎರಡು ಗಂಟೆ?"

"ಮೇಲ್ವಿಚಾರಕರಿಲ್ಲದ ಓದು. ಬರಲ್ಲ."

"ನಂಗೊತ್ತು ಬರಲ್ಲ ಅಂತ. ಆದ್ರೂ ಕೇಳ್ದೆ." ಅವಳು ಕುರ್ಚಿಗೆ ಒರಗಿದಳು. "ಎಬರ್ಟ್, ಅವಳು ಸೋಮಾರಿ ಅಂತ ಅನ್ನಿಸ್ತಾ ನಿಮಗೆ?"

ಅನ್ನಿಸಿರಲಿಲ್ಲ. ಹಾಳೆ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದರೆ ಮೊದಲು ಅನುಮಾನಿಸಬೇಕಾದದ್ದು ವಿಧಾನವನ್ನು. ಹಾಳೆಗಳನ್ನು ಮತ್ತೆ ಮೊದಲಿನಿಂದ ನೋಡಿದೆ. ಈ ಸಲ ನಿಮಿಷಗಳನ್ನು ಬಿಟ್ಟು ಸೀಟುಗಳ ಕಡೆ. ದಣಿದವಳು ಎಲ್ಲಿ ಬೇಕಾದರೂ ಕೂರಬಹುದು. ಮುಂದಿನ ಸೀಟಿಗೆ ಹೀಟರಿನ ಬಿಸಿಯೂ ಬರುತ್ತಿತ್ತು. ಆದರೆ 'ಸುಮ್ಮನೆ ಕೂತ' ನಿಮಿಷಗಳಲ್ಲಿ ಹೆಚ್ಚಿನವು ಹದಿನಾಲ್ಕನೇ ಸೀಟಿನವು. ಟೆಸ್ಸಾ ಹತ್ತುವುದಕ್ಕೆ ಮುಂಚೆ ಆ ಸೀಟಿನಲ್ಲಿ ಕೂತ ನಿಮಿಷ ಒಂದೂ ಇರಲಿಲ್ಲ. ಟೆಸ್ಸಾ ಇಳಿದ ಮೇಲೂ ಇರಲಿಲ್ಲ.

ಅವತ್ತು ಮಧ್ಯಾಹ್ನ ಬಸ್ಸು ಹೊರಡುವ ಮುಂಚೆ ಟ್ವೈಲಾಳನ್ನು ಪಕ್ಕಕ್ಕೆ ಕರೆದೆ.

"ಟೆಸ್ಸಾ ಹತ್ರ ಕೂತಾಗ ಏನ್ಮಾಡ್ತೀರಿ?"

ಅವಳ ಮುಖ ಬಿಗಿಯಾಯಿತು. "ಕೂತಿರ್ತೀನಿ."

"ನಿಮ್ಮ ಕೋಟಿನ ಜೇಬಲ್ಲಿ ಒಂದು ಪುಟ್ಟ ಪುಸ್ತಕ ಇದೆ. ಆಗಾಗ ತೆಗೆದು ಗೀಚ್ತೀರಿ. ಪಾಠದ ಟಿಪ್ಪಣಿ ಅಂದ್ಕೊಂಡಿದ್ದೆ."

"ಹಾಗೇ ಅಂದ್ಕೊಳ್ಳಿ."

"ಟ್ವೈಲಾ, ನಿಮಗೆ ಒಂದು ಗಂಟೆ ಚಿಲ್ಲರೆ ಕಡಿಮೆ ಬೀಳ್ತಾ ಇದೆ."

ಅವಳು ನನ್ನನ್ನೇ ನೋಡಿದಳು. ಉಸಿರು ಹೊಗೆಯಂತೆ ಹೊರಬರುತ್ತಿತ್ತು. ಪರೀಕ್ಷೆಯ ನೆನಪು ಅವಳ ಮುಖದ ಮೇಲೆ ಬಂದು ಹೋದದ್ದು ನನಗೆ ಕಂಡಿತು.

"ಅದು ನಾನು ಹೇಳೋ ವಿಷಯ ಅಲ್ಲ," ಎಂದಳು ಕೊನೆಗೆ. "ಇನ್ನೊಂದು ಮನೆಯವ್ರದ್ದು. ಅವ್ರು ಹೇಳು ಅಂದ್ರೆ ಹೇಳ್ತೀನಿ, ಇಲ್ಲ ಅಂದ್ರೆ ನೀವು ನಿಮ್ಮ ಸೊನ್ನೆ ಬರ್ಕೊಳ್ಳಿ. ನಮ್ಮ ಕಣಿವೇಲಿ ಒಬ್ರ ಮನೆ ಕಾಯಿಲೆ ಇನ್ನೊಬ್ರು ಆಫೀಸಲ್ಲಿ ಹೇಳಲ್ಲ."

ಹೇಳಿಬಿಟ್ಟು ಬಸ್ಸು ಹತ್ತಿ ಮಕ್ಕಳನ್ನು ಎಣಿಸತೊಡಗಿದಳು. ಅವತ್ತು ಸಂಜೆಯೂ ಹದಿನಾಲ್ಕನೇ ಸೀಟಿನಲ್ಲಿ ಕೂತಳು. ನಾನು ಸಮಯ ಬರೆದೆ. ಅದರ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಟೆಸ್ಸಾಳ ನಿಲ್ದಾಣದಲ್ಲಿ ಟ್ವೈಲಾ ಇಳಿದವಳು ಕೂಡಲೇ ಹತ್ತಲಿಲ್ಲ. ಟೆಸ್ಸಾಳನ್ನು ದಿನಾ ಬಿಡಲು ಬರುತ್ತಿದ್ದ ಅಜ್ಜಿ ಓಮಾ ಸ್ಲೋನ್ ಜೊತೆ ತಲೆ ತಗ್ಗಿಸಿ ಮಾತಾಡಿದಳು. ಡೆಲ್ಮರ್ ಎಂಜಿನ್ ಆರಿಸಿದ. ಐದು ದಿನದಲ್ಲಿ ಅವನು ಹಾಗೆ ಮಾಡಿದ್ದು ಅದೊಂದೇ ಸಲ.

ಓಮಾ ಅಜ್ಜಿ ಬಸ್ಸಿನ ಮೆಟ್ಟಿಲ ಮೇಲೆ ಬಂದು ನಿಂತಳು. ಗಂಡಸರ ಬೇಟೆ ಕೋಟು, ತಲೆಗೆ ಉಣ್ಣೆಯ ಟೋಪಿ.

"ನೀನು ಯಾರ ಪೈಕಿ?" ಎಂದು ಕೇಳಿದಳು.

ಈ ಬೆಟ್ಟಗಳಲ್ಲಿ ಅದು ಮೊದಲ ಪ್ರಶ್ನೆ. ಹುದ್ದೆ ಹೇಳಿದರೆ ಉತ್ತರವಾಗುವುದಿಲ್ಲ. "ಕೆಳಗಿನ ಬಯಲಿನವಳು. ನಮ್ಮಪ್ಪ ಹೊಗೆಸೊಪ್ಪು ಬೆಳೀತಿದ್ರು. ಅಮ್ಮನ ಕಡೆಯವ್ರು ಹಾರ್ಪರ್ ಮನೆತನ."

"ಹೊಗೆಸೊಪ್ಪು ಒಣಗಿಸೋಕೆ ಬರತ್ತಾ ನಿಂಗೆ?"

"ಬರತ್ತೆ. ಒಣಗಿಸೋ ಕೊಟ್ಟಿಗೇಲಿ ಎಲೆ ನೇತುಹಾಕೋಕೆ ಮೇಲಿನ ಅಡ್ಡತೊಲೆ ಹತ್ತುತ್ತಿದ್ದೋಳು ನಾನೇ."

ಅಜ್ಜಿ ನನ್ನ ಕೈಗಳನ್ನು ನೋಡಿ, ಹತ್ತಿರ ಬಂದು ದನಿ ತಗ್ಗಿಸಿದಳು. "ಹಂಗಾದ್ರೆ ಕೇಳು. ಈ ಕೂಸು ಕಣ್ಣು ಬಿಟ್ಕೊಂಡೇ ಎಲ್ಲೋ ಹೋಗ್ಬಿಡತ್ತೆ. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಬೀಳಲ್ಲ, ನಡುಗಲ್ಲ. ಪಾಠ ಕೇಳಲ್ಲ ಅಂತ ಬೈಸ್ಕೊಂಡು ಬರ್ತಿತ್ತು. ಮೊದ್ಲು ಗುರುತು ಹಿಡಿದಿದ್ದು ಈ ಟ್ವೈಲಾ, ಅಕ್ಟೋಬರಲ್ಲಿ. ಡಾಕ್ಟ್ರು ಅದೂ ಮೂರ್ಛೆ ರೋಗದ ಒಂದು ಬಗೆ ಅಂದ್ರು, ದಿನಕ್ಕೆ ಎಷ್ಟು ಸಲ ಬರತ್ತೆ ಅಂತ ಕೇಳಿದ್ರು. ನನ್ನ ಕಣ್ಣಿಗೆ ಪೊರೆ ಬಂದಿದೆ. ಇವಳು ಬರ್ಕೊಡ್ತಾಳೆ, ಆ ಚೀಟಿ ನೋಡಿ ಅವ್ರು ಗುಳಿಗೆ ಏರಿಸ್ತಾರೆ, ಇಳಿಸ್ತಾರೆ. ನಮ್ಮಣ್ಣನಿಗೂ ಇದೇ ಇತ್ತು. ಶಾಲೆಯವ್ರು ದಡ್ಡ ಅಂತ ಬರೆದು ಹೊರಗೆ ಹಾಕಿದ್ರು. ಅದಕ್ಕೇ ಯಾರಿಗೂ ಹೇಳ್ಬೇಡ ಅಂದಿದ್ದೆ. ನೀನು ಬೇಕಾದ್ರೆ ಬರ್ಕೋ. ಕೂಸಿನ ಹೆಸರು ಮಾತ್ರ ಬೇಡ."

"ಬರೆಯಲ್ಲ."

"ಹೊರಡು ಡೆಲ್ಮರ್, ಮಕ್ಕಳಿಗೆ ಹೊತ್ತಾಗತ್ತೆ," ಎಂದು ಇಳಿದು ಹೋದಳು.

ಟ್ವೈಲಾ ಪುಸ್ತಕ ತೆಗೆದು ನನ್ನ ಕೈಗಿಟ್ಟಳು. ಅಂಗೈ ಅಗಲದ್ದು. ಪ್ರತಿ ಪುಟಕ್ಕೆ ಒಂದು ದಿನ. ಗಂಟೆ, ನಿಮಿಷ, ಎಷ್ಟು ಸೆಕೆಂಡು, ಸೀಸಕಡ್ಡಿ ಕೈಯಿಂದ ಬಿತ್ತೋ ಇಲ್ಲವೋ, ರೆಪ್ಪೆ ಬಡಿಯಿತೋ ಇಲ್ಲವೋ. ಖಚಿತವಿಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆಗಳನ್ನು ಕಂಡು ನಾನು ತಲೆಬಾಗಿದೆ ಎಂದರೆ ಅತಿಶಯವಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯಲು ನಮಗೆ ಕಾಲೇಜಿನಲ್ಲಿ ಎರಡು ವರ್ಷ ಬೇಕಾಗಿತ್ತು. ನವೆಂಬರಿನ ಒಂದು ಪ್ರಯಾಣದಲ್ಲಿ ಹದಿನಾಲ್ಕು ಸಲ ಬಂದಿತ್ತು. ಈ ವಾರ ಪ್ರಯಾಣಕ್ಕೆ ಮೂರು, ನಾಲ್ಕು.

"ಇದನ್ನ ಯಾರು ಹೇಳ್ಕೊಟ್ರು?"

"ತರಬೇತೀಲಿ ನಾಡಿ ಎಣಿಸೋದು ಹೇಳ್ಕೊಟ್ರಲ್ಲ. ಹಾಗೇ."

ಆಮೇಲೆ ನಾನು ಎರಡು ಪರೀಕ್ಷೆ ಮಾಡಿದೆ. ಪ್ರೂಯಿಟ್ ಕೇಳುವುದು ಖಚಿತವಿತ್ತು. ಮೊದಲನೆಯದು, ಅವಳ ಪುಸ್ತಕವನ್ನೂ ನನ್ನ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆ. ಸೋಮವಾರದಿಂದ ಗುರುವಾರದವರೆಗೆ ಅವಳು ದಾಖಲಿಸಿದ ಇಪ್ಪತ್ತಾರು ಸಲವೂ ನಾನು 'ಸುಮ್ಮನೆ ಕೂತದ್ದು' ಎಂದು ಬರೆದ, ಇಲ್ಲವೇ ಖಾಲಿ ಬಿಟ್ಟ ನಿಮಿಷಗಳಲ್ಲೇ ಇದ್ದವು. ಅದೇ ಬಸ್ಸಿನಲ್ಲಿ, ಎರಡು ಸೀಟು ಮುಂದೆ, ಗಡಿಯಾರ ಹಿಡಿದು ಕೂತಿದ್ದ ನನಗೆ ಒಂದೂ ಕಂಡಿರಲಿಲ್ಲ.

ಎರಡನೆಯದು, ಆ ಬೆಳಿಗ್ಗೆ ನಾನೂ ಟೆಸ್ಸಾಳ ಎದುರು ಕೂತು ಎಣಿಸಿದೆ. ಪಟ್ಟಣ ಮುಟ್ಟುವಷ್ಟರಲ್ಲಿ ನನ್ನ ಲೆಕ್ಕ ಎರಡು, ಟ್ವೈಲಾಳದ್ದು ಮೂರು.

"ಏಳು ಹನ್ನೆರಡಕ್ಕೆ ಬಂದಿದ್ದು ಬಿಟ್ಬಿಟ್ರಿ," ಎಂದಳು.

"ಆಗ ಗಡಿಯಾರ ನೋಡ್ತಾ ಇದ್ದೆ."

ಡೆಲ್ಮರ್ ಮುಂದಿನಿಂದ ಕೂಗಿದ: "ರಾಜಧಾನಿಯಮ್ಮಂಗೆ ಒಂದು ನಿಮಿಷ ಕಟ್ ಮಾಡು ಟ್ವೈಲಾ! ಸುಮ್ಮನೆ ಕೂತಿದ್ರು ಅಂತ ಬರ್ಕೋ!"

ಈ ಸಲ ನಾನೂ ನಕ್ಕೆ.

ಸಂಜೆಯ ಸುತ್ತು ಮುಗಿಸಿ ನನ್ನ ಕಾರಿನಲ್ಲಿ ಪಟ್ಟಣಕ್ಕೆ ಮರಳಿ, ಐದಕ್ಕೆ ವರ್ಲಾಳ ಫೋನಿನಿಂದ ಪ್ರೂಯಿಟ್‌ಗೆ ವರದಿ ಓದಿ ಹೇಳಿದೆ. ಮಗಳು ಮಾತ್ರ ಬಸ್ಸಿನಲ್ಲಿದ್ದ ನಿಮಿಷಗಳನ್ನು ಬಿಟ್ಟಿದ್ದೆ. ಕಾಫಿ ಕುಡಿದ, ಕಿಟಕಿಯಾಚೆ ನೋಡಿದ, ಡೆಲ್ಮರ್ ಜೊತೆ ಹರಟೆ ಹೊಡೆದ ಎಂಬತ್ತಾರು ನಿಮಿಷಗಳನ್ನೂ ಬಿಟ್ಟಿದ್ದೆ. ವರ್ಲಾ ಎದುರಿಗೆ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಳು. ಬಾಗಿಲ ಬಳಿ ಟ್ವೈಲಾ ನಿಂತಿದ್ದಳು, ಕೋಟೂ ಬಿಚ್ಚಿರಲಿಲ್ಲ. ನನ್ನ ಹಿಂದೆಯೇ ಡೆಲ್ಮರ್ ತನ್ನ ಹಳೇ ಟ್ರಕ್ಕಿನಲ್ಲಿ ಅವಳನ್ನು ವಾಪಸು ಕರೆತಂದಿದ್ದ. ಸುದ್ದಿ ಕೇಳದೆ ಮನೇಲಿ ಕೂರಲು ಆಗುವುದಿಲ್ಲ ಎಂದಿದ್ದಳಂತೆ.

"ಈ ಹದಿನಾಲ್ಕನೇ ಸೀಟು," ಎಂದರು ಪ್ರೂಯಿಟ್. "ಕೈಪಿಡೀಲಿ ಎಲ್ಲಿದೆ?"

"ಎಲ್ಲೂ ಇಲ್ಲ. ನಾನು ಬರೆದಿದೀನಿ, ಓದ್ತೀನಿ. ವೈದ್ಯರು ಕೇಳಿದ ಪ್ರಕಾರ ಒಂದು ಮಗುವಿನ ಮೇಲೆ ಕಣ್ಣಿಟ್ಟು, ಕಂಡದ್ದನ್ನು ಸಮಯ ಸಮೇತ ದಾಖಲಿಸುವುದು ಕೆಲಸ."

"ಸಾಕ್ಷಿ?"

"ಪುಸ್ತಕ ಇದೆ. ನನ್ನ ಹಾಳೆಗೆ ತಾಳೆ ಹಾಕಿದೀನಿ. ಎದುರು ಕೂತು ನಾನೂ ಎಣಿಸಿ ನೋಡ್ದೆ. ನನಗಿಂತ ಅವಳ ಲೆಕ್ಕ ಸರಿ ಇತ್ತು."

ಆ ಕಡೆ ಕನ್ನಡಕ ಮೇಜಿನ ಮೇಲಿಟ್ಟ ಸದ್ದು ಕೇಳಿತು. ಪ್ರೂಯಿಟ್ ಕೆಟ್ಟ ಮನುಷ್ಯರಲ್ಲ. ಮೇಜಿನಿಂದ ಕಾಣುವಷ್ಟು ಮಾತ್ರ ಕಂಡಿದ್ದರು. ಅಷ್ಟೇ ಕಂಡು ನಾನೂ ಅನೇಕ ಫೈಲುಗಳನ್ನು ಮುಚ್ಚಿದ್ದೆ.

"ನೀರಲ್ಲಿ ಸೀಸ ಹುಡುಕ್ತಿದ್ದಾಗಲೂ ನೀವು ಇಷ್ಟೇ ಹಟ ಮಾಡ್ತಿದ್ರಾ?"

"ಇನ್ನೂ ಜಾಸ್ತಿ."

"ಆ ವಾಕ್ಯನ ಟೈಪ್ ಮಾಡಿ ಕಳ್ಸಿ. ಉಳಿದ ಆರು ಬಸ್ಸಿಗೂ ಹೋಗಿ ನೋಡ್ಕೊಂಡು ಬನ್ನಿ, ಅಲ್ಲೇನು ಕಣ್ಣಿಗೆ ಬಿದ್ದಿಲ್ವೋ ಏನೋ. ಸರಿ, ಒಟ್ಟು ಎಷ್ಟು? ನಮೂನೇಲಿ ತುಂಬ್ಬೇಕು."

ಟ್ವೈಲಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನಾನು ಹಾಳೆಯ ಕೊನೆಯ ಸಾಲನ್ನು ಅವಳಿಗೂ ಕೇಳುವಂತೆ ಓದಿದೆ. ತರಬೇತಿ ಇಪ್ಪತ್ತು ಗಂಟೆ. ಮಕ್ಕಳ ನಡುವೆ ಓಡಾಡಿದ್ದು ಎಂಟು ಗಂಟೆ ಐವತ್ತೆರಡು ನಿಮಿಷ. ಹದಿನಾಲ್ಕನೇ ಸೀಟಿನಲ್ಲಿ ಕಣ್ಣಿಟ್ಟು ಕೂತದ್ದು ಎರಡು ಗಂಟೆ ನಲವತ್ತೆರಡು ನಿಮಿಷ. ವಾರದ ಒಟ್ಟು ಮೂವತ್ತೊಂದು ಗಂಟೆ ಮೂವತ್ತನಾಲ್ಕು ನಿಮಿಷ.